ನಮ್ಮೂರ ಹುಡುಗನಿಗೆ ನಾನು ಓಟು ಹಾಕುತ್ತಿರಲಿಲ್ಲ

ನಾನಿರುವುದು ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿಯಲ್ಲಿ. ಇಲ್ಲಿನ ಕಾಲೇಜ್ ಫುಟ್‌ಬಾಲ್ ಮೈದಾನದ ಹುಲ್ಲು ನೀಲಿ ಬಣ್ಣದ್ದು. ತಮಾಷೆ ಅಲ್ಲ, 1986ರಿಂದ ಹಾಗೇ ಇದೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ "ಏನೋ ಅದು, ಈಜುಕೊಳನಾ?" ಅಂದಿದ್ದರು. ಇಂಥ ಊರಲ್ಲಿದ್ದುಕೊಂಡು, 2024ರ ಹೈಸ್ಮನ್ ಟ್ರೋಫಿ ನಮ್ಮ ಬಾಯ್ಸಿ ಸ್ಟೇಟ್ ತಂಡದ ಆಶ್ಟನ್ ಜೆಂಟಿಗೆ ಸಿಗದಿದ್ದದ್ದು ಸರಿ ಅನ್ನುವುದು, ಮಂಡ್ಯದಲ್ಲಿ ನಿಂತು ಬೆಲ್ಲ ಚೆನ್ನಾಗಿಲ್ಲ ಅಂದ ಹಾಗೆ. ಆದರೂ ಬರೆಯುತ್ತಿದ್ದೇನೆ. ಎದುರು ಮನೆಯ ಅಜ್ಜನಿಗೆ ಕನ್ನಡ ಬರುವುದಿಲ್ಲ ಅನ್ನುವ ಧೈರ್ಯ.

ಹೈಸ್ಮನ್ ಅಂದರೆ ಇಲ್ಲಿನ ಕಾಲೇಜ್ ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿ. 1935ರಿಂದ ಕೊಡುತ್ತಿದ್ದಾರೆ. 870 ಪತ್ರಕರ್ತರು ಓಟು ಹಾಕುತ್ತಾರೆ, ಹಿಂದೆ ಗೆದ್ದವರೂ ಹಾಕುತ್ತಾರೆ. ಅಭಿಮಾನಿಗಳಿಗೆಲ್ಲ ಸೇರಿಸಿ ಇರುವುದು ಒಂದೇ ಒಂದು ಓಟು. ಪ್ರತಿಯೊಬ್ಬರೂ ಮೂರು ಹೆಸರು ಬರೆಯಬೇಕು. ಮೊದಲ ಹೆಸರಿಗೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1.

ಈ ಆಟ ಗೊತ್ತಿಲ್ಲದವರಿಗೆ ನಾನು ಕಬಡ್ಡಿ ನೆನಪಿಸುತ್ತೇನೆ. ಜೆಂಟಿ ರನ್ನಿಂಗ್ ಬ್ಯಾಕ್. ಅಂದರೆ ರೈಡರ್ ಇದ್ದ ಹಾಗೆ. ಚೆಂಡು ಕೈಗೆ ಬಂದ ಕೂಡಲೇ ಹಿಡಿಯಲು ಬಂದವರ ನಡುವೆ ನುಗ್ಗಿ ಹೋಗಬೇಕು. ಆ ವರ್ಷ ಅವನು ನಿಲ್ಲುತ್ತಿದ್ದ ರೀತಿಯನ್ನು ಒಮ್ಮೆ ನೋಡಬೇಕಿತ್ತು ನೀವು. ಬೇರೆ ರನ್ನಿಂಗ್ ಬ್ಯಾಕ್‌ಗಳು ಮೊಣಕಾಲು ಬಗ್ಗಿಸಿ, ತೊಡೆ ಮೇಲೆ ಕೈಯಿಟ್ಟು ಕಾಯುತ್ತಾರೆ. ಇವನು ನೆಟ್ಟಗೆ ನಿಂತಿರುತ್ತಿದ್ದ, ಕೈ ಎರಡೂ ಇಳಿಬಿಟ್ಟು, ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವನ ಹಾಗೆ. ಚೆಂಡು ಕೈಗೆ ಬಂತೋ, ಆ ಬಸ್ಸು ಇವನೇ. ಒಬ್ಬ ಡಿಕ್ಕಿ ಹೊಡೆದು ಕೆಳಗೆ ಬೀಳುತ್ತಾನೆ, ಇನ್ನೊಬ್ಬ ಅಂಗಿ ಹಿಡಿದು ಜೋತು ಬೀಳುತ್ತಾನೆ. ಇವನು ಓಡುತ್ತಲೇ ಇರುತ್ತಾನೆ.

ಡಿಸೆಂಬರ್ 6ರಂದು ನಮ್ಮ ಕಾನ್ಫರೆನ್ಸ್ (ತಂಡಗಳ ಗುಂಪು) ಫೈನಲ್‌ಗೆ ನಾನೂ ಹೋಗಿದ್ದೆ. ಎದುರಾಳಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ತಂಡ. ಚಳಿಗೆ ಕಾಲ್ಬೆರಳು ಮರಗಟ್ಟಿದ್ದವು, ಮಗಳು ನನ್ನ ಜಾಕೆಟ್ಟಿನೊಳಗೇ ಸೇರಿಕೊಂಡಿದ್ದಳು. ಜೆಂಟಿ ಒಂದು ಸಲ ಚೆಂಡು ಹಿಡಿದು 75 ಯಾರ್ಡ್ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ನಾವು ಕೂತಿದ್ದ ಸಾಲು ಪೂರ್ತಿ ಎದ್ದು ನಿಂತು "ಹೈಸ್ಮನ್, ಹೈಸ್ಮನ್" ಅಂತ ಕೂಗಿತು. ನಾನೂ ಕೂಗಿದೆ, ಸುಳ್ಳು ಯಾಕೆ ಹೇಳಲಿ. ಅವತ್ತು ಅವನು ಓಡಿದ್ದು 209 ಯಾರ್ಡ್. ಓಟು ಹಾಕುವ ಹೊತ್ತಿಗೆ ಒಟ್ಟು 2,497 ಯಾರ್ಡ್, 29 ಟಚ್‌ಡೌನ್. ಒಂದೊಂದು ಸಲ ಚೆಂಡು ಹಿಡಿದಾಗಲೂ ಸರಾಸರಿ ಏಳು ಯಾರ್ಡಿಗೂ ಜಾಸ್ತಿ. ಎಲ್ಲ ತಂಡಗಳೂ ಇವನೊಬ್ಬನನ್ನು ನಿಲ್ಲಿಸಲೆಂದೇ ಮುಂದೆ ಜನ ತುಂಬಿಸುತ್ತಿದ್ದವು, ಅದರ ನಡುವೆ ಓಡಿ ಬಂದದ್ದು ಇಷ್ಟು.

ಹಾಗಾದರೆ ಟ್ರೋಫಿ ಇವನಿಗೇ ಹೋಗಬೇಕಿತ್ತು ಅಲ್ವಾ?

ಇನ್ನೊಂದು ಕಡೆ ಕೊಲರಾಡೊ ತಂಡದ ಟ್ರಾವಿಸ್ ಹಂಟರ್. ಕಬಡ್ಡಿಯ ಹೋಲಿಕೆ ಇಲ್ಲಿಗೆ ಬರುವಾಗ ಕೈಕೊಡುತ್ತದೆ. ಕಬಡ್ಡಿಯಲ್ಲಿ ರೈಡರ್ ಕೂಡ ಹಿಡಿಯಲು ನಿಲ್ಲುತ್ತಾನೆ. ಇಲ್ಲಿ ಆಕ್ರಮಣಕ್ಕೆ ಹನ್ನೊಂದು ಜನ, ರಕ್ಷಣೆಗೆ ಬೇರೆಯದೇ ಹನ್ನೊಂದು ಜನ. ಒಂದು ಗುಂಪು ಆಡುವಾಗ ಇನ್ನೊಂದು ಬೆಂಚಿನಲ್ಲಿ ನೀರು ಕುಡಿಯುತ್ತಾ ಕೂತಿರುತ್ತದೆ. ಹಂಟರ್ ಕೂರಲೇ ಇಲ್ಲ. ವೈಡ್ ರಿಸೀವರ್ ಆಗಿ ಚೆಂಡು ಹಿಡಿಯುವುದು, ಆಮೇಲೆ ಅದೇ ಮೈದಾನದಲ್ಲಿ ಕಾರ್ನರ್‌ಬ್ಯಾಕ್ ಆಗಿ ಎದುರಾಳಿಯ ರಿಸೀವರ್‌ಗೆ ಚೆಂಡು ಸಿಗದ ಹಾಗೆ ನೋಡಿಕೊಳ್ಳುವುದು. 92 ಕ್ಯಾಚ್, 1,152 ಯಾರ್ಡ್, 14 ಟಚ್‌ಡೌನ್, ಅದರ ಮೇಲೆ ರಕ್ಷಣೆಯಲ್ಲಿ 4 ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ಕಿತ್ತುಕೊಳ್ಳುವುದು). ಹನ್ನೆರಡು ಪಂದ್ಯಗಳಲ್ಲಿ 1,300ಕ್ಕೂ ಹೆಚ್ಚು ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಒಂದೊಂದು ಸರದಿ) ಆಡಿದ್ದ. ಅಂದರೆ ಪಂದ್ಯಕ್ಕೆ ನೂರರ ಮೇಲೆ. ಸಾಮಾನ್ಯ ಆಟಗಾರನಿಗೆ ಅರವತ್ತು ಎಪ್ಪತ್ತು ಆಡಿದರೇ ಉಸಿರು ಬಾಯಿಗೆ ಬಂದಿರುತ್ತದೆ. ಅದೂ ಅವನ ತಂಡದ ಊರು ಬೋಲ್ಡರ್ ಇರುವುದು ಸಮುದ್ರಮಟ್ಟದಿಂದ 1,600 ಮೀಟರ್ ಮೇಲೆ, ನಮ್ಮ ಮಡಿಕೇರಿಗಿಂತ ಎತ್ತರ.

ನನ್ನ ಮನಸ್ಸು ತಿರುಗಿದ್ದು ಸಂಖ್ಯೆಯಿಂದಲ್ಲ. ಬೇಲರ್ ವಿರುದ್ಧದ ಪಂದ್ಯದಿಂದ. ಓವರ್‌ಟೈಮ್, ಕೊಲರಾಡೊ ಏಳು ಅಂಕ ಮುಂದಿತ್ತು. ಬೇಲರ್ ಆಟಗಾರ ಗೋಲ್ ಗೆರೆ ದಾಟುವುದಕ್ಕೆ ಒಂದು ಹೆಜ್ಜೆ ಬಾಕಿ. ಹಂಟರ್ ಬಂದು ಅವನ ಕೈಯಲ್ಲಿದ್ದ ಚೆಂಡನ್ನೇ ಹೊಡೆದು ಕೆಡವಿದ. ಪಂದ್ಯ ಮುಗಿಯಿತು, 38-31. ಸಂಜೆಯಿಡೀ ಕ್ಯಾಚ್ ಹಿಡಿಯುತ್ತಾ ಓಡಿದ್ದವನು ಕೊನೆಯ ಕ್ಷಣದಲ್ಲಿ ಆ ಜಾಗಕ್ಕೆ ಹೇಗೆ ಬಂದ ಅಂತ ನಾನು ಮೂರು ಸಲ ಹಿಂದೆ ಹಾಕಿ ನೋಡಿದೆ.

ಕಾರ್ನರ್‌ಬ್ಯಾಕ್ ಕೆಲಸದಲ್ಲಿ ಇನ್ನೊಂದು ಕಷ್ಟ ಇದೆ. ಚೆನ್ನಾಗಿ ಮಾಡಿದಷ್ಟೂ ಅದು ಕಾಣುವುದಿಲ್ಲ. ಅವನು ನಿಂತ ಕಡೆಗೆ ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಆಕ್ರಮಣ ನಡೆಸುವವನು, ಚೆಂಡು ಎಸೆಯುವವನು) ಎಸೆಯುವುದನ್ನೇ ಬಿಡುತ್ತಾನೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಹಂಟರ್ ಚಿತ್ರದಲ್ಲೇ ಇರುವುದಿಲ್ಲ. ಮಾರನೇ ದಿನ ಪೇಪರಿನಲ್ಲೂ ಆ ಲೆಕ್ಕ ಬರುವುದಿಲ್ಲ. ಜೆಂಟಿಯ ಪ್ರತಿ ಯಾರ್ಡೂ ಲೆಕ್ಕಕ್ಕೆ ಸಿಗುತ್ತದೆ. ಹಂಟರನ ಅರ್ಧ ಕೆಲಸ ಲೆಕ್ಕದ ಹೊರಗೇ ಉಳಿಯುತ್ತದೆ. ಇಬ್ಬರನ್ನೂ ತಕ್ಕಡಿಗೆ ಹಾಕುವಾಗ ಇದನ್ನು ಮರೆತರೆ ಹೇಗೆ? ಆ ವರ್ಷ ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿಯೂ ಅವನಿಗೇ, ಅತ್ಯುತ್ತಮ ಡಿಫೆಂಡರ್‌ಗೆ ಕೊಡುವ ಬೆಡ್ನಾರಿಕ್ ಪ್ರಶಸ್ತಿಯೂ ಅವನಿಗೇ. ಅಡುಗೆಯನ್ನೂ ಮಾಡಿ, ಬಡಿಸಿ, ಎಲೆಯನ್ನೂ ಎತ್ತಿದ ಹಾಗೆ.

ಡೆನ್ವರ್‌ನಲ್ಲಿರುವ ಹಾಸನದ ಗೆಳೆಯನಿಗೆ ಇದನ್ನು ಹೇಳಿದರೆ "ಕೊನೆಗೂ ಬುದ್ಧಿ ಬಂತಲ್ಲೋ ಮಾರಾಯ" ಅಂದ. ಅವನಿಗೆ ಅಷ್ಟು ಸುಲಭಕ್ಕೆ ಬಿಟ್ಟುಕೊಡುವ ಹಾಗಿಲ್ಲ. ನಮ್ಮೂರಿನವರ ಸಿಟ್ಟಿಗೂ ಕಾರಣ ಇದೆ. ನಮ್ಮ ಆಟಗಳು ಎಷ್ಟೋ ಸಲ ಶುರುವಾಗುವುದೇ ನ್ಯೂಯಾರ್ಕಿನಲ್ಲಿ ರಾತ್ರಿ ಹತ್ತಾದಾಗ. ಸೆಪ್ಟೆಂಬರಿನಲ್ಲಿ ಒರೆಗಾನ್ ವಿರುದ್ಧ 37-34ರಿಂದ ಸೋತ ಪಂದ್ಯದಲ್ಲಿ ಜೆಂಟಿ 192 ಯಾರ್ಡ್ ಓಡಿದ್ದ. ಪೂರ್ವ ಕರಾವಳಿಯ ಎಷ್ಟು ಪತ್ರಕರ್ತರು ಅಷ್ಟು ಹೊತ್ತಿನ ತನಕ ಎಚ್ಚರ ಇದ್ದರೋ. ಇದರ ಜೊತೆಗೆ ಹಳೆಯ ನೋವೂ ಇದೆ. ನಾಲ್ಕು ವರ್ಷದಲ್ಲಿ ಬರೀ ಮೂರು ಪಂದ್ಯ ಸೋತ, ನಮ್ಮದೇ ತಂಡದ ಕೆಲೆನ್ ಮೂರ್ ಎಂಬ ಕ್ವಾರ್ಟರ್‌ಬ್ಯಾಕ್‌ಗೆ 2010ರ ಹೈಸ್ಮನ್ ಓಟಿನಲ್ಲಿ ಸಿಕ್ಕಿದ್ದು ನಾಲ್ಕನೇ ಸ್ಥಾನ. "ದೊಡ್ಡ ತಂಡಗಳ ಜೊತೆ ಆಡಿಲ್ಲ" ಅನ್ನುವುದು ಆಗಿನಿಂದಲೂ ಕೇಳಿ ಬಂದ ಮಾತು. ಜೆಂಟಿಗೂ ಅದನ್ನೇ ಹೇಳಿದರು. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಎದುರಾಳಿ ದುರ್ಬಲವಾಗಿದ್ದ ಪಂದ್ಯಗಳಲ್ಲಿ ನಮ್ಮ ಕೋಚ್ ಅವನನ್ನು ಅರ್ಧಕ್ಕೇ ಕೂರಿಸಿಬಿಡುತ್ತಿದ್ದರು. ಲೆಕ್ಕ ಹೆಚ್ಚಿಸಿಕೊಳ್ಳಬೇಕು ಅಂತಿದ್ದರೆ ಆಡಿಸುತ್ತಲೇ ಇರಬಹುದಿತ್ತು.

ತಂಡ ಗೆದ್ದಿದ್ದು ಎಷ್ಟು ಅಂತ ನೋಡಿದರೂ ನಮ್ಮವರೇ ಮುಂದೆ, 12 ಗೆಲುವು, ಒಂದು ಸೋಲು. ಕೊಲರಾಡೊ ಮೂರು ಸೋತಿತ್ತು. ಆದರೆ ಇದು ಒಬ್ಬನಿಗೆ ಕೊಡುವ ಪ್ರಶಸ್ತಿ. 1956ರಲ್ಲಿ ಪಾಲ್ ಹಾರ್ನಂಗ್ ಗೆದ್ದಾಗ ಅವನ ನೋಟರ್ ಡೇಮ್ ತಂಡ ಗೆದ್ದಿದ್ದು ಬರೀ ಎರಡು ಪಂದ್ಯ. ಅದು ಸರಿಯೋ ತಪ್ಪೋ ಅಂತ ಈಗಲೂ ಜಗಳ ಆಡುವವರಿದ್ದಾರೆ, ಬಿಡಿ.

ಡಿಸೆಂಬರ್ 14ರಂದು ನ್ಯೂಯಾರ್ಕಿನಲ್ಲಿ ಫಲಿತಾಂಶ ಬಂತು. ಹಂಟರ್‌ಗೆ 2,231 ಅಂಕ, ಜೆಂಟಿಗೆ 2,017. ಮೊದಲ ಸ್ಥಾನದ ಓಟು 552 ಮತ್ತು 309. ಇಷ್ಟು ಹತ್ತಿರದ ಪೈಪೋಟಿ ನಡೆದಿದ್ದು 2009ರಲ್ಲಿ, ಮಾರ್ಕ್ ಇಂಗ್ರಾಮ್ 28 ಅಂಕದಲ್ಲಿ ಗೆದ್ದಾಗ. ಹೆಚ್ಚುಕಡಿಮೆ ಪ್ರತಿ ವರ್ಷ ಕ್ವಾರ್ಟರ್‌ಬ್ಯಾಕ್‌ಗಳೇ ಹೊತ್ತುಕೊಂಡು ಹೋಗುವ ಟ್ರೋಫಿಗೆ ಆ ಸಲ ಬೇರೆ ಜಾಗದ ಇಬ್ಬರು ಹೀಗೆ ಗುದ್ದಾಡಿದ್ದೇ ನನಗೆ ಖುಷಿ.

ಅಜ್ಜ ಮಾತ್ರ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಹಂಟರ್ ಪರ ಅಂತ ಮಗಳು ಹೋಗಿ ಹೇಳಿಬಿಟ್ಟಿದ್ದಳು. ಮೂರನೇ ದಿನ ಅವರೇ ಬಾಗಿಲು ತಟ್ಟಿ, "ಇನ್ನೂ ಬ್ಯಾರಿ ಸ್ಯಾಂಡರ್ಸ್ ದಾಖಲೆ ಇದೆ" ಅಂದರು. ಒಂದೇ ಸೀಸನ್‌ನಲ್ಲಿ ಅತಿ ಹೆಚ್ಚು ಓಡಿದ ದಾಖಲೆ ಅದು, 1988ರ 2,628 ಯಾರ್ಡ್. ಅದು ಬರೀ 11 ಪಂದ್ಯಗಳ ಲೆಕ್ಕ, ಆಗ ಸೀಸನ್ ಕೊನೆಯ ಬೌಲ್ ಪಂದ್ಯದ ಯಾರ್ಡ್ ಸೇರಿಸುತ್ತಿರಲಿಲ್ಲ, ನಮ್ಮವನಿಗೆ 14 ಪಂದ್ಯ ಸಿಗುತ್ತದೆ ಅಂತ ಹೇಳಲು ಬಾಯಿ ತೆರೆದೆ. ಹೆಂಡತಿ ಕಣ್ಣಲ್ಲೇ ಸುಮ್ಮನಿರಿಸಿದಳು.

ಡಿಸೆಂಬರ್ 31ರ ರಾತ್ರಿ ಫಿಯೆಸ್ಟಾ ಬೌಲ್. ಅವರ ಮನೆಯಲ್ಲೇ ಕೂತು ನೋಡಿದೆವು. ನಾವು ಒಯ್ದ ಖಾರದ ಮಂಡಕ್ಕಿಯನ್ನು ಅಜ್ಜ ಮೊದಲ ಸಲ ತಿಂದರು. ಪೆನ್ ಸ್ಟೇಟ್ ನಮ್ಮನ್ನು 31-14ರಿಂದ ಸೋಲಿಸಿತು. ಜೆಂಟಿ ಓಡಿದ್ದು 104 ಯಾರ್ಡ್, ಒಟ್ಟು 2,601. ದಾಖಲೆಗೆ 27 ಯಾರ್ಡ್ ಕಡಿಮೆ.

ವಾಪಸ್ ಹೊರಟಾಗ ಅಜ್ಜ ವರಾಂಡದಲ್ಲಿ ನಿಂತು ನಮ್ಮ ಮನೆ ಬಾಗಿಲ ಕಡೆ ಕೈ ತೋರಿಸಿದರು. "ನೋಡು, ಇಲ್ಲಿಂದ ಅಲ್ಲಿಗೆ, ಅಷ್ಟೇ." ಮಗಳು ಹೆಜ್ಜೆ ಎಣಿಸುತ್ತಾ ರಸ್ತೆ ದಾಟಿದಳು.