ಸದ್ದು ಎಲ್ಲಿ ನಿಂತಿತೆಂದು ಯಾರೂ ಕೇಳಲಿಲ್ಲ

‘ಮದರ್‌ಬೋರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂದು ನಿನ್ನೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ತೀರ್ಪು ಪಡೆದು ಬಂದ ನನ್ನ ಕಂಪ್ಯೂಟರಿನಿಂದ ಇಂದು ಬೆಳಿಗ್ಗೆ ಚೆಂಡೆಯ ಸದ್ದು ಕೇಳಿಸಿತು. ಒಂದು ಸ್ಕ್ರೂವನ್ನೂ ಬದಲಿಸಿಲ್ಲ. ಸಂತೋಷವಾಗಿದೆ, ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿದೆ.

ಹಳೆಯ ಕ್ಯಾಸೆಟ್ಟುಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಿಕೊಳ್ಳುವ ಕೆಲಸ ನನ್ನದು. ಎಂಬತ್ತರ ದಶಕದಲ್ಲಿ ಮುಂಬಯಿಯ ಸಭಾಗೃಹಗಳಲ್ಲಿ ನಡೆದ ತಾಳಮದ್ದಳೆಗಳನ್ನು ಅಪ್ಪ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಒಂದು ಬದಿಗೆ 45 ನಿಮಿಷದ ಆ ಕ್ಯಾಸೆಟ್ಟುಗಳಲ್ಲಿ ಕೆಲವು ಇನ್ನೊಂದೇ ಸಲ ತಿರುಗಿಯಾವು ಎನ್ನುವ ಸ್ಥಿತಿಯಲ್ಲಿವೆ. ಅವುಗಳ ಗರಗರ ತೆಗೆಯಲು ನಾನು ನಂಬಿರುವ ಹಳೆಯ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿರುವುದರಿಂದ, ಲಿನಕ್ಸ್ ಇರುವ ಡೆಸ್ಕ್‌ಟಾಪಿನೊಳಗೆ, ಒಂದು ಕಂಪ್ಯೂಟರಿನಲ್ಲಿ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಅದನ್ನೊಂದು ವರ್ಚುವಲ್ ಯಂತ್ರವಾಗಿ, ಇಂಟರ್‌ನೆಟ್ ಕೊಡದೆ ಇಟ್ಟುಕೊಂಡಿದ್ದೇನೆ. ಕಂಪ್ಯೂಟರಿನ ಹಿಂಬದಿಯ ಹಸಿರು ಜ್ಯಾಕ್ ಹಿಂದೊಂದು ಮಳೆಗಾಲದಲ್ಲಿ ತುಕ್ಕು ಹಿಡಿದ ಮೇಲೆ ಸ್ಪೀಕರ್ ಮತ್ತು ಕ್ಯಾಸೆಟ್ ಪ್ಲೇಯರ್ ಎರಡನ್ನೂ ಒಂದು ಸಣ್ಣ ಯುಎಸ್‌ಬಿ ಸೌಂಡ್ ಅಡಾಪ್ಟರಿಗೆ ಜೋಡಿಸಿದ್ದೆ.

ಕಳೆದ ಭಾನುವಾರ ಸದ್ದು ನಿಂತಿತು. ಮರುಚಾಲನೆ ಮಾಡಿದರೂ ಬರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ: ಫಾರ್ಮ್ಯಾಟ್ ಮಾಡಿ. ಅಲ್ಲಿಯವರೆಗೆ ಉಳಿಸಿಕೊಂಡಿದ್ದ ಹದಿನಾಲ್ಕು ಕ್ಯಾಸೆಟ್ಟುಗಳ ಧ್ವನಿ ಆ ವರ್ಚುವಲ್ ಯಂತ್ರದ ಡಿಸ್ಕ್ ಫೈಲಿನಲ್ಲೇ ಇತ್ತು ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಕೊನೆಗೆ ಕ್ಯಾಬಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಡೊಂಬಿವಲಿಯಿಂದ ಮಧ್ಯಾಹ್ನದ ಲೋಕಲ್ ಹತ್ತಿ, ದಾದರಿನಲ್ಲಿ ಗಾಡಿ ಬದಲಿಸಿ, ಲ್ಯಾಮಿಂಗ್ಟನ್ ರೋಡಿಗೆ ಹತ್ತಿರದ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದೆ. ಅಂಗಡಿಯವರು ನನ್ನ ಅಡಾಪ್ಟರಿನಂಥದ್ದೇ ಇನ್ನೊಂದನ್ನು ಸಿಕ್ಕಿಸಿ ನೋಡಿದರು. ಸದ್ದಿಲ್ಲ. ಐದು ನಿಮಿಷದೊಳಗೆ ಮದರ್‌ಬೋರ್ಡಿನ ಮೇಲೆ ತಪ್ಪು ಹೊರಿಸಿಯಾಗಿತ್ತು.

ದಿನಕ್ಕೆ ಎಷ್ಟೋ ಯಂತ್ರ ನೋಡುವವರಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು ಎಂದು ಗೆಳೆಯರೊಬ್ಬರು ಅವರ ಪರವಾಗಿ ವಾದಿಸಿದರು. ನಾನು ಒಪ್ಪುವುದಿಲ್ಲ. ಅದೇ ಯುಎಸ್‌ಬಿ ಸಾಲಿನಲ್ಲಿ ಕೀಬೋರ್ಡ್ ಕೆಲಸ ಮಾಡುತ್ತಿತ್ತು. ‘ಇದರಲ್ಲಿ ಬೇರೆ ಏನಾದರೂ ಓಡುತ್ತಿದೆಯೇ’ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು.

ರಾತ್ರಿ ಮನೆಗೆ ಬಂದು, ಹಾಡೊಂದನ್ನು ಹಚ್ಚಿಟ್ಟು, ಧ್ವನಿ ಎಲ್ಲಿಗೆ ಹೋಗುತ್ತಿದೆ ಎಂದು ತೋರಿಸುವ ಪಾವುಕಂಟ್ರೋಲ್ ತೆರೆದೆ. ಧ್ವನಿಯ ಪಟ್ಟಿ ಚೆನ್ನಾಗಿಯೇ ಕುಣಿಯುತ್ತಿತ್ತು, ಆದರೆ ಎಚ್‌ಡಿಎಂಐ ಎಂಬ ಹೆಸರಿನ ಎದುರು. ಅಂದರೆ ಹಾಡು ಸ್ಪೀಕರೇ ಇಲ್ಲದ ಮಾನಿಟರಿಗೆ ಹೋಗುತ್ತಿತ್ತು. ಅಡಾಪ್ಟರಿನ ಹೆಸರೇ ಅಲ್ಲಿರಲಿಲ್ಲ. ಅಷ್ಟರಲ್ಲಿ ಎಕ್ಸ್‌ಪಿಯ ಕಿಟಕಿಯಲ್ಲಿ ಏನನ್ನೋ ಮುಚ್ಚಲು ಹೋದಾಗ, ಸತ್ತುಹೋಗಿದೆ ಎಂದುಕೊಂಡಿದ್ದ ಅದೇ ಸ್ಪೀಕರಿನಿಂದ ‘ಟಿಂಗ್’ ಎಂದು ಸದ್ದು ಬಂತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಟರ್ಮಿನಲ್‌ನಲ್ಲಿ, ಯುಎಸ್‌ಬಿ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ ಅಡಾಪ್ಟರ್ ಪಟ್ಟಿಯಲ್ಲಿತ್ತು. ಧ್ವನಿ ಕಾರ್ಡುಗಳನ್ನು ತೋರಿಸುವ ಎಪ್ಲೇ ಆದೇಶದಲ್ಲಿ ಇರಲಿಲ್ಲ. ಕವಲು ಕವಲಾಗಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟಾಗ, ಡ್ರೈವರ್ ಎಂಬಲ್ಲಿ ‘ಎಸ್‌ಎನ್‌ಡಿ-ಯುಎಸ್‌ಬಿ-ಆಡಿಯೊ’ ಇರಬೇಕಾದಲ್ಲಿ ‘ಯುಎಸ್‌ಬಿಎಫ್‌ಎಸ್’ ಎಂದಿತ್ತು. ಲಿನಕ್ಸಿನ ಕೈಯಿಂದ ಬಿಡಿಸಿಕೊಂಡು ವರ್ಚುವಲ್ ಯಂತ್ರ ಅದನ್ನು ತನ್ನೊಳಗೆ ಸೇರಿಸಿಕೊಂಡಿತ್ತು.

ಕ್ಯಾಸೆಟ್ ರೆಕಾರ್ಡಿಂಗಿಗೆಂದು ಆ ಯಂತ್ರಕ್ಕೆ ಯುಎಸ್‌ಬಿ ಫಿಲ್ಟರ್, ಅಂದರೆ ಇಂಥ ಸಾಧನ ಕಂಡ ಕೂಡಲೇ ಒಳಗೆ ಸೆಳೆದುಕೋ ಎಂಬ ನಿಯಮ, ಹಾಕಿದವನು ನಾನೇ. ಲಾಗಿನ್ ಆದ ಕೂಡಲೇ ಎಕ್ಸ್‌ಪಿ ತಾನಾಗಿ ಏಳುವಂತೆ ಶನಿವಾರ ರಾತ್ರಿ ಮಾಡಿದವನೂ ನಾನೇ. ಉಳಿಸಿಟ್ಟ ಸ್ಥಿತಿಯಿಂದಲೇ ತೆರೆದುಕೊಳ್ಳುವುದರಿಂದ ಅದರ ಸ್ವಾಗತದ ಸದ್ದೂ ಕೇಳಿಸುವುದಿಲ್ಲ. ಹಾಗಾಗಿ ಪ್ರತಿ ಮರುಚಾಲನೆಯ ಬೆನ್ನಿಗೇ ಅಡಾಪ್ಟರ್ ಒಳಗೆ ಹೋಗುತ್ತಿತ್ತು. ಫಿಲ್ಟರ್ ಸಾಧನವನ್ನು ಗುರುತಿಸುವುದು ತಯಾರಕರ ಮತ್ತು ಮಾದರಿಯ ಸಂಖ್ಯೆಗಳಿಂದ. ಇಂಥ ಅಗ್ಗದ ಅಡಾಪ್ಟರುಗಳಲ್ಲಿ ಅನೇಕಕ್ಕೆ ಬಿಡಿ ಕ್ರಮಸಂಖ್ಯೆಯೇ ಇರುವುದಿಲ್ಲ. ಅಂಗಡಿಯವರು ಸಿಕ್ಕಿಸಿದ್ದು ಅದೇ ಮಾದರಿ, ಅದೂ ಅದೇ ದಾರಿ ಹಿಡಿಯಿತು. ನನ್ನ ತಪ್ಪನ್ನು ನಾನು ಒಪ್ಪುತ್ತೇನೆ. ಆದರೆ ನೋಡದೆ ತೀರ್ಪು ಕೊಟ್ಟದ್ದನ್ನು ಮಾತ್ರ ಕ್ಷಮಿಸಲು ನನ್ನಿಂದಾಗುತ್ತಿಲ್ಲ. ಮದರ್‌ಬೋರ್ಡ್ ಬದಲಿಸಿದ್ದರೂ ಮೊದಲ ಲಾಗಿನ್‌ಗೇ ಈ ಮೌನ ಮರಳಿ ಬರುತ್ತಿತ್ತು. ಫಾರ್ಮ್ಯಾಟ್ ಮಾಡಿದ್ದರೆ ಸದ್ದು ಬಂದೀತು, ಅಪ್ಪ ಹಿಡಿದಿಟ್ಟ ಅರ್ಥಗಾರಿಕೆ ಹೋಗುತ್ತಿತ್ತು.

ಫಿಲ್ಟರಿನ ಗುರುತು ತೆಗೆದೆ. ಅಡಾಪ್ಟರ್ ಲಿನಕ್ಸಿಗೆ ಮರಳಿತು. ಆದರೂ ಆಯ್ಕೆ ಎಚ್‌ಡಿಎಂಐ ಮೇಲೆಯೇ ಕುಳಿತಿದ್ದರಿಂದ ಪಾವುಕಂಟ್ರೋಲ್‌ನಲ್ಲಿ ಅದನ್ನು ಕೈಯಾರೆ ಬದಲಿಸಬೇಕಾಯಿತು. ಎಕ್ಸ್‌ಪಿಗೆ ಈಗ ವರ್ಚುವಲ್‌ಬಾಕ್ಸ್‌ನದೇ ಎಸಿ97 ಎಂಬ ಕಲ್ಪಿತ ಧ್ವನಿ ಕಾರ್ಡ್ ಕೊಟ್ಟಿದ್ದೇನೆ. ರೆಕಾರ್ಡಿಂಗಿಗೆ ಬೇಕಾದ ಆಡಿಯೊ ಇನ್‌ಪುಟ್ ಅದರಲ್ಲಿ ತಾನಾಗಿ ಚಾಲೂ ಇರುವುದಿಲ್ಲ, ಗುರುತು ಹಾಕಿಕೊಳ್ಳಬೇಕು.

ಹದಿನೈದನೆಯ ಕ್ಯಾಸೆಟ್ಟಿನ ಮೊದಲ ಬದಿ ಈಗಷ್ಟೇ ಮುಗಿಯಿತು. ಭಾಗವತರು ಪದ ಎತ್ತುವ ಮುಂಚೆ ಅಪ್ಪ ಮೈಕಿನ ಹತ್ತಿರ ಕೆಮ್ಮಿದ್ದೂ ಅದರಲ್ಲಿದೆ. ಅದನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದೇನೆ.