ಮೂಳೆ ಇಲ್ಲದ ಕುರಿ

ಆಫೀಸಿನ ಆರೋಗ್ಯ ತಪಾಸಣೆಯಲ್ಲಿ ನನ್ನ ಕೊಲೆಸ್ಟ್ರಾಲ್ 242 ಬಂತು. ಅವತ್ತೇ ಸಂಜೆ ಮನೆಯವರ ಆರೋಗ್ಯವನ್ನೆಲ್ಲ ಸುಧಾರಿಸಿಬಿಡೋಣ ಅಂತ ತೀರ್ಮಾನಿಸಿದೆ. ಕೆಟ್ಟಿದ್ದು ನನ್ನ ರಕ್ತ, ಪಥ್ಯ ಮಾತ್ರ ಮನೆಮಂದಿಗೆಲ್ಲ. ಒಬ್ಬನೇ ಕೂತು ಸೊಪ್ಪು ತಿನ್ನೋದು ಎಂಥ ಬೇಜಾರು ಅಂತ ತಿಂದವರಿಗೇ ಗೊತ್ತು.

ನಮ್ಮದು ಮಂಡ್ಯ ಕಡೆಯ ಮನೆ. ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಅಪ್ಪ ಕೈಚೀಲ ಹಿಡಿದು ಮಟನ್ ಅಂಗಡಿ ಮುಂದೆ ನಿಂತಿರುತ್ತಾರೆ. ತಡವಾದರೆ ತೊಡೆ ಖಾಲಿ, ಬರೀ ಕೊಬ್ಬು ಹಾಕ್ತಾನೆ ಅನ್ನೋದು ಅವರ ನಲವತ್ತು ವರ್ಷದ ಆತಂಕ. ಇಂಥವರ ಮುಂದೆ ಕೂತು, "ಅಪ್ಪ, ಇನ್ಮೇಲೆ ತಿಂಗಳಿಗೆ ಒಂದೇ ಸಲ ಬಾಡು" ಅಂದೆ.

ಅಪ್ಪ ಸಿಟ್ಟಾಗಲಿಲ್ಲ. ಕ್ಯಾಲೆಂಡರ್ ತರಿಸಿದರು. ಸೋಮವಾರ ಶಿವನ ವಾರ, ಶನಿವಾರ ತಿಮ್ಮಪ್ಪನ ವಾರ. ಅಲ್ಲಿಗೇ ವರ್ಷಕ್ಕೆ 104 ದಿನ. ಶ್ರಾವಣ ಪೂರ್ತಿ ಇಲ್ಲ. ಆಮೇಲೆ ಏಕಾದಶಿ, ಶಿವರಾತ್ರಿ, ಗೌರಿ, ಗಣೇಶ. "ಹತ್ರತ್ರ 150 ದಿನ ಆಗ್ಲೇ ಬಿಟ್ಟಿದೀವಿ ಕಣ್ಲಾ. ಯಾವ ಡಾಕ್ಟ್ರು ಇಷ್ಟು ಬಿಡಿಸ್ತಾನೆ?" ಯುಗಾದಿ ಮಾರನೇ ದಿನ ಹೊಸತೊಡಕಿಗೆ ಗುಡ್ಡೆ ಮಾಂಸ ತರೋಕೆ ಅವರು ವರ್ಷವಿಡೀ ಚೀಟಿ ಕಟ್ಟುವ ವಿಷಯ ಮಾತ್ರ ಈ ಲೆಕ್ಕದಲ್ಲಿ ಬರಲಿಲ್ಲ.

ಸರಿ, ವಿಜ್ಞಾನ ತೆಗೆದೆ. 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ತಜ್ಞರು ಹೇಳಿದ್ದಾರೆ, ಸಾಸೇಜು, ಬೇಕನ್ ಥರ ಸಂಸ್ಕರಿಸಿದ ಮಾಂಸದಿಂದ ಕ್ಯಾನ್ಸರ್ ಬರುತ್ತೆ, ಕುರಿ, ಮೇಕೆಯಂಥ ಕೆಂಪು ಮಾಂಸದಿಂದ ಬಹುಶಃ ಬರುತ್ತೆ ಅಂತ. ಆ 'ಬಹುಶಃ'ವನ್ನು ನಾನು ನುಂಗಿಕೊಳ್ಳಬೇಕಿತ್ತು. "ಬಹುಶಃ ಮಳೆ ಬರುತ್ತೆ ಅಂತ ರೇಡಿಯೋದವರೂ ದಿನಾ ಹೇಳ್ತಾರೆ" ಅಂದವರೇ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಮಾತಿಗೆ ಬಗ್ಗದಿದ್ದರೆ ಮೋಸ. ಒಂದು ಭಾನುವಾರ ಅಪ್ಪ ಗೃಹಪ್ರವೇಶಕ್ಕೆ ಹೋಗಿದ್ದಾಗ, "ಮಟನ್ ನಾನೇ ತರ್ತೀನಿ" ಅಂತ ಹೇಳಿ ಮೀಲ್ ಮೇಕರ್ ಅನ್ನೋ ಸೋಯಾ ಉಂಡೆ ತಂದೆ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಅಮ್ಮ ರುಬ್ಬಿಕೊಟ್ಟ ಚಕ್ಕೆ, ಲವಂಗ, ಗಸಗಸೆ, ಕಾಯಿ ಮಸಾಲೆಗೆ ಹಾಕಿ ಕುದಿಸಿದೆವು. ಘಮಲು ಎಷ್ಟಿತ್ತು ಅಂದ್ರೆ, ಮಾಡಿದ ನನಗೇ ಒಂದು ಕ್ಷಣ ಇದು ಮಟನ್ನೇ ಅನ್ನಿಸಿತು.

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. "ಸಾರು ಚೆನ್ನಾಗದೆ." ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮುದ್ದೆ ನುಂಗೋ ವಸ್ತು, ಗುಟ್ಟು ರಟ್ಟಾಗಲ್ಲ. ತುಂಡು ಹಾಗಲ್ಲ, ಅಗಿಯಬೇಕು. ಅಪ್ಪ ಒಂದು ತುಂಡು ಬಾಯಿಗಿಟ್ಟು ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ಆಮೇಲೆ ತಟ್ಟೆಯಲ್ಲಿ ಬೆರಳಾಡಿಸಿ ಚೀಪೋಕೆ ನಲ್ಲಿ ಮೂಳೆ ಹುಡುಕತೊಡಗಿದರು.

"ಯಾವ್ ಕುರೀದ್ಲಾ ಇದು? ಹುಟ್ತಾನೇ ಮೂಳೆ ಇರ್ಲಿಲ್ವಾ?"

"100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಇದೆ ಅಪ್ಪ" ಅಂದೆ. ಅಮ್ಮ ಅಡುಗೆಮನೆಯಿಂದಲೇ, "ನಂಗೇನೂ ಗೊತ್ತಿಲ್ಲಪ್ಪ, ಎಲ್ಲಾ ಅವನ್ದೇ" ಅಂತ ಕೂಗಿ ಹೇಳಿದರು.

ದೊಡ್ಡವರಾಯಿತು, ಚಿಕ್ಕವಳನ್ನಾದರೂ ತಿದ್ದೋಣ ಅಂತ ಮಗಳ ಚಿಪ್ಸ್‌ಗೆ ಕೈಹಾಕಿದೆ. ದಿನಕ್ಕೆ 5 ಗ್ರಾಂಗಿಂತ ಜಾಸ್ತಿ ಉಪ್ಪು ತಿನ್ನಬಾರದು ಅಂತ ಹೇಳಿ, ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದೋದು ಕಲಿಸಿದೆ. ಅವಳು ಬಿಸ್ಕತ್ತು, ಉಪ್ಪಿನಕಾಯಿ, ಅಜ್ಜಿಯ ಹಪ್ಪಳದ ಡಬ್ಬ ಒಂದನ್ನೂ ಬಿಡಲಿಲ್ಲ. ಈ ನಡುವೆ ನನ್ನದೊಂದು ಗುಟ್ಟಿತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದಮೇಲೆ ಬೆರಳಿಗೆ ಕೆಂಪು ಅಂಟೋ ಭಯ ಹೋಗಿತ್ತು. ಆ ಧೈರ್ಯದ ಮೇಲೆ ವಾರಕ್ಕೆರಡು ಸಂಜೆ ನನ್ನ ಗೋಬಿ ಸಾಂಗವಾಗಿ ನಡೆಯುತ್ತಿತ್ತು. ಒಂದು ದಿನ ಮಗಳು ಸ್ಕೂಟರ್ ಡಿಕ್ಕಿಯಿಂದ ಮಡಚಿದ ಪೇಪರ್ ತಟ್ಟೆ ತೆಗೆದು ತಿರುಗಿಸಿ ಮುರುಗಿಸಿ ನೋಡಿ, ಎಲ್ಲರ ಮುಂದೆ ಕೇಳಿದಳು: "ಅಪ್ಪಾ, ಇದ್ರ ಹಿಂದೆ ಏನೂ ಬರ್ದೇ ಇಲ್ವಲ್ಲ, ಇದ್ರಲ್ಲಿ ಉಪ್ಪಿಲ್ವಾ?"

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡೆ.

ಡಿಸೆಂಬರ್ ಬಂತು, ಸೊಗಡಿನ ಅವರೆಕಾಯಿ ಬಂತು. ಸಂಜೆ ಹಳೇ ಪೇಪರ್ ಹರಡಿ ಎಲ್ಲರೂ ಸುತ್ತ ಕೂತು ಬಿಡಿಸೋದು, ನೆನೆಸೋದು, ಹಿತಕೋದು. ಒಂದು ದಿನ ಹಿತಕಿದ ಬೇಳೆ ಸಾರು, ಒಂದು ದಿನ ಉಪ್ಪಿಟ್ಟು, ಒಂದು ದಿನ ಅಕ್ಕಿ ರೊಟ್ಟಿ. ಅಪ್ಪ ಅವರೆ ಆರಿಸೋ ಭರದಲ್ಲಿ ಕೈಚೀಲ ಮರೆತೇಬಿಟ್ಟರು. ಮೂರನೇ ಭಾನುವಾರ ನನಗೆ ತಡೆಯಲಾಗಲಿಲ್ಲ.

"ನೋಡಿ ಅಪ್ಪ, ಮಟನ್ ಇಲ್ದೇನೇ ಮೂರು ವಾರ ಕಳೀತು!"

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಹೌದಲ್ವಾ! ಅದಕ್ಕೇ ಏನೋ ಕಮ್ಮಿ ಅನ್ನಿಸ್ತಿತ್ತು. ಈ ಬೇಳೆಗೆ ಅರ್ಧ ಕೆಜಿ ತೊಡೆ ಬಿದ್ರೆ..." ಅಮ್ಮ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯೋ ಹಾಗಿಲ್ಲ.

ಮುಂದಿನ ಭಾನುವಾರ ಚಳಿ ಜಾಸ್ತಿ ಅಂತ ಅಪ್ಪ ಕಂಬಳಿ ಹೊದ್ದು ಕೂತರು. ಏಳು ಗಂಟೆಗೆ ಕೈಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದು ನಾನು. ಅಂಗಡಿಯವನು ಮಚ್ಚು ಕೆಳಗಿಟ್ಟು ಗಾಬರಿಯಿಂದ ಕೇಳಿದ: "ಏನ್ ಸಾರ್, ಯಜಮಾನ್ರು ಮೂರು ವಾರದಿಂದ ಕಾಣ್ಲೇ ಇಲ್ಲ. ಹುಷಾರಿಲ್ವಾ?"