ನನ್ನ ಪುಳಿಯೋಗರೆ ಕಂಡ ಜೋಗ

ಸ್ವಿಟ್ಜರ್‌ಲೆಂಡಿನ ಬೆಂಚಿನ ಮೇಲೆ ಕೂತು ನಾನು ಜೋಗದ ಬಗ್ಗೆ ಜಂಬ ಕೊಚ್ಚಿದೆ. ಎಡವಟ್ಟಾಗಿದ್ದು ಅಲ್ಲೇ.

ಮಗ ಜ್ಯೂರಿಕ್‌ನಲ್ಲಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಹೋಗಿ ಐದು ವಾರ ಇದ್ದು ಬಂದೆವು. "ಅಮ್ಮ, ದಿನಕ್ಕೆ ಒಂದೇ ಜಾಗ. ಓಡಬೇಡಿ, ನಿಧಾನವಾಗಿ ನೋಡಿ" ಅಂತ ಮೊದಲೇ ಕಟ್ಟಪ್ಪಣೆ ಮಾಡಿದ್ದ. ನಮಗೋ ನಿಧಾನ ಅನ್ನೋದೇ ಗೊತ್ತಿಲ್ಲ. ಹಿಂದೆ ಒಮ್ಮೆ ಬಸ್ಸಿನಲ್ಲಿ ಉತ್ತರ ಭಾರತ ಯಾತ್ರೆಗೆ ಹೋಗಿ ಎಂಟು ದಿನಕ್ಕೆ ಹನ್ನೊಂದು ಊರು ಮುಗಿಸಿದವರು ನಾವು. ಅದರಲ್ಲಿ ನನಗೆ ಈಗಲೂ ಚೆನ್ನಾಗಿ ನೆನಪಿರುವುದು ಆ ಬಸ್ಸಿನ ಮೆಟ್ಟಿಲು ಮಾತ್ರ.

ರೈನ್ ಜಲಪಾತಕ್ಕೆ ಹೊರಟ ದಿನ ವಿಂಟರ್‌ಥೂರ್‌ನಲ್ಲಿ ರೈಲು ಬದಲಾಯಿಸಬೇಕಿತ್ತು. ನಮ್ಮ ಯಜಮಾನರು ಪ್ಲಾಟ್‌ಫಾರಂ ಮೇಲೆ ನಿಂತು ಶೂ ಲೇಸ್ ಕಟ್ಟುತ್ತಿದ್ದರು. "ರೀ, ಬನ್ನಿ" ಅಂದೆ. "ಇನ್ನೂ ಎರಡು ನಿಮಿಷ ಇದೆ ಕಣೇ" ಅಂತ ಕೈಗಡಿಯಾರ ತೋರಿಸಿದರು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ವಾಚು. ಕಣ್ಣೆದುರಿಗೇ ಬಾಗಿಲು ಮುಚ್ಚಿತು, ರೈಲು ಹೋಯಿತು. ವಾಚು ಎರಡು ನಿಮಿಷ ಹಿಂದಿತ್ತು. ಗಡಿಯಾರದ ದೇಶಕ್ಕೇ ಬಂದು ಮಾನ ಕಳೆದಿದ್ದು ನನ್ನ ತವರುಮನೆಯ ವಾಚು! ಮುಂದಿನ ರೈಲು ಬರುವ ತನಕ ಅವರು ಅದನ್ನೇ ಹೇಳಿದರು.

ಜಲಪಾತ ಏನೋ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಹಿಮ ಕರಗುವ ಕಾಲ, ನದಿ ತುಂಬಿಕೊಂಡು ನೊರೆ ನೊರೆಯಾಗಿ ಮೇಲೆ ಬೀಳುವ ಹಾಗೆ ಬರುತ್ತಿತ್ತು. ನಡುವೆ ಒಂದು ಬಂಡೆ, ಅಲ್ಲಿಯವರೆಗೂ ದೋಣಿ ಹೋಗುತ್ತದೆ. ನಾವು ಇಪ್ಪತ್ತು ನಿಮಿಷದಲ್ಲಿ ಎಲ್ಲಾ ನೋಡಿ, ಎಂಬತ್ತು ಫೋಟೋ ತೆಗೆದು, ಇನ್ನೇನು ಮಾಡುವುದು ಅಂತ ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಒಬ್ಬ ಅಜ್ಜಿ. ಕೈಯಲ್ಲಿ ಫ್ಲಾಸ್ಕು. ಅಲ್ಲೇ ಹತ್ತಿರದ ಊರಿನವರಂತೆ. ಪ್ರತಿ ವರ್ಷ ಈ ಸಮಯಕ್ಕೆ ಬಂದು, ಅರ್ಧ ದಿನ ಕೂತು, ನೀರು ನೋಡಿಕೊಂಡು ಹೋಗುತ್ತಾರಂತೆ. ಕ್ಯಾಮರಾ ಇಲ್ಲ, ಏನಿಲ್ಲ.

ನಾನು ಸುಮ್ನೆ ಇರಬಹುದಿತ್ತು ಅಲ್ವಾ? "ನಮ್ಮೂರಿನ ಹತ್ತಿರವೂ ಒಂದಿದೆ. 253 ಮೀಟರ್" ಅಂದೆ. ಇದು 23 ಮೀಟರ್ ಅಂತ ಬೋರ್ಡಿನಲ್ಲಿ ಆಗಲೇ ಓದಿಕೊಂಡಿದ್ದೆ. ಅಜ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಹನ್ನೊಂದು ಪಟ್ಟು!" ಅಂತ ಕಣ್ಣರಳಿಸಿದರು. ನನಗೆ ಸೀರೆಯ ಸೆರಗು ಸರಿಮಾಡಿಕೊಳ್ಳುವಷ್ಟು ಹೆಮ್ಮೆಯಾಯಿತು. ಆಮೇಲೆ ಅವರು ಕೇಳಿದರು, "ಅಷ್ಟು ಎತ್ತರದಿಂದ ಬಿದ್ದರೆ ಸದ್ದು ಹೇಗಿರುತ್ತದೆ?"

ನಾನು ಬಾಯಿ ತೆರೆದೆ. ಯಜಮಾನರು ಕ್ಯಾಮರಾದಿಂದ ತಲೆಯೆತ್ತದೆ, "ಶಿ ಹ್ಯಾಸ್ ನಾಟ್ ಸೀನ್ ಇಟ್" ಅಂದುಬಿಟ್ಟರು.

ನಿಜ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಮೂವತ್ತು ವರ್ಷ ದಾಟಿದೆ. ಜೋಗ ನೂರು ಕಿಲೋಮೀಟರ್ ಆಸುಪಾಸು. ಮಳೆಗಾಲ ಬಂದರೆ ಸಾಕು, ಬೆಂಗಳೂರಿನಿಂದ ನೆಂಟರು ಬರುತ್ತಾರೆ. "ಜೋಗ ತೋರಿಸಿ" ಅನ್ನುತ್ತಾರೆ. ಕಾರಿನಲ್ಲಿ ಯಾವಾಗಲೂ ಒಂದು ಸೀಟು ಕಮ್ಮಿ. "ನೀವೆಲ್ಲಾ ಹೋಗಿ ಬನ್ನಿ, ನನಗೇನು, ಇಲ್ಲೇ ಇದೆ, ಯಾವಾಗ ಬೇಕಾದರೂ ನೋಡಬಹುದು" ಅಂತ ನಾನು ಐದಕ್ಕೇ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟಿ ಕಳಿಸುತ್ತಿದ್ದೆ. ನನ್ನ ಪುಳಿಯೋಗರೆ ಜೋಗವನ್ನು ಹದಿನೈದು ಸಲವಾದರೂ ನೋಡಿದೆ. ನಾನು ಒಂದು ಸಲವೂ ನೋಡಿಲ್ಲ.

ವಾಪಸ್ ಬಂದವಳೇ ಆಗಸ್ಟ್‌ನಲ್ಲಿ ಹಟ ಹಿಡಿದು ಹೊರಟೆ. ಬಸ್ಸಿನಲ್ಲೇ. ಅದೂ ಸರ್ಕಾರಿ ಬಸ್ಸಿನಲ್ಲೇ. 2023ರಿಂದ ನಮಗೆ ಟಿಕೆಟ್ ಇಲ್ಲವಲ್ಲ! ಅಲ್ಲಿ ಒಂದೊಂದು ಟಿಕೆಟ್ಟಿನ ಫ್ರಾಂಕನ್ನು ರೂಪಾಯಿಗೆ ತಿರುಗಿಸಿ ತಿರುಗಿಸಿ ನನ್ನ ಹೊಟ್ಟೆ ಉರಿದುಹೋಗಿತ್ತು. ಇಲ್ಲಾದರೂ ವಸೂಲು ಮಾಡಬೇಡವೇ? ಸಾಗರಕ್ಕೆ ನಾಲ್ಕು ಖಾಸಗಿ ಬಸ್ಸು ನಮ್ಮ ಮುಂದೆಯೇ ಹೋದವು. "ಹತ್ತಿ ಹತ್ತಿ" ಅಂತ ಕಂಡಕ್ಟರ್ ಕೂಗಿದರೂ ನಾನು ಅಲುಗಲಿಲ್ಲ. ಮುಕ್ಕಾಲು ಗಂಟೆ ಕಾದು ಕೆಂಪು ಬಸ್ಸು ಹತ್ತಿ, ಕಂಡಕ್ಟರ್ ಕೈ ಚಾಚಿದಾಗ ನೆನಪಾಯಿತು, ಆಧಾರ್ ಕಾರ್ಡ್ ದೇವರ ಮನೆಯಲ್ಲಿದೆ. ಪೂರ್ತಿ ದುಡ್ಡು ಕೊಟ್ಟೆವು. ಯಜಮಾನರು ಏನೂ ಅನ್ನಲಿಲ್ಲ. ವಾಚು ನೋಡಿಕೊಂಡರು, ಅಷ್ಟೇ.

ಜೋಗದಲ್ಲಿ ಇಳಿದರೆ ಎದುರಿಗೆ ಗೋಡೆ. ಮಂಜಿನ ಗೋಡೆ. ಕಂಬಿ ಹಿಡಿದು ನಿಂತರೆ ಕಂಬಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಮಳೆ ಮೇಲಿಂದ ಬರುವುದು ಬಿಟ್ಟು ಕೆಳಗಿನಿಂದ ಬರುತ್ತಿತ್ತು. ಗಾಳಿಗೆ ಕೊಡೆ ಮಗುಚಿ ಬಟ್ಟಲಾಯಿತು. ಇಪ್ಪತ್ತು ಜನ ಸಾಲಾಗಿ ನಿಂತು ಬಿಳಿಯನ್ನು ನೋಡುತ್ತಿದ್ದೆವು. "ಅಲ್ಲಿದೆ ನೋಡಿ ರಾಣಿ" ಅಂತ ಒಬ್ಬರು ಕೈ ತೋರಿಸಿದರು. ಅವರ ಹೆಂಡತಿ, "ಎಲ್ರೀ?" ಅಂದರು. "ಅಲ್ಲೇ, ಇರಬೇಕು."

ಆದರೆ ಸದ್ದು! ಅಜ್ಜಿ ಕೇಳಿದ್ದು ಅದನ್ನೇ ಅಲ್ವಾ? ಚಿಕ್ಕಂದಿನಲ್ಲಿ ನಮ್ಮ ಮನೆ ಅಕ್ಕಿ ಗಿರಣಿಯ ಹಿಂದೆ ಇತ್ತು. ಗಿರಣಿ ಶುರುವಾದರೆ ಮೊದಲು ಗೊತ್ತಾಗುತ್ತಿದ್ದುದು ಕಿವಿಗಲ್ಲ, ಅಂಗಾಲಿಗೆ. ಇದೂ ಹಾಗೆಯೇ. ಕಂಬಿ ಹಿಡಿದ ಅಂಗೈಯಲ್ಲಿ ಸಣ್ಣಗೆ ನಡುಕ. ಎರಡು ಗಂಟೆ ನಾನು ಅದನ್ನೇ ಕೇಳುತ್ತಾ ನಿಂತಿದ್ದೆ. ಮಗ ನೋಡಿದ್ದರೆ, ಅಮ್ಮ ಕೊನೆಗೂ ನಿಧಾನ ಕಲಿತಳು ಅಂತ ಖುಷಿಪಡುತ್ತಿದ್ದನೇನೋ. ನಿಜವಾಗಿ ಮುಂದಿನ ಬಸ್ಸು ತಡ ಇತ್ತು.

ಯಜಮಾನರಿಗೆ ಬೇಜಾರಾಗಿ ಸುಟ್ಟ ಜೋಳ ತರಲು ಹೋದರು. ಅವರು ಆ ಕಡೆ ತಿರುಗಿದ್ದೇ ತಡ, ಯಾರೋ ಪರದೆ ಎಳೆದ ಹಾಗೆ ಮಂಜು ಎಡಗಡೆಯಿಂದ ಸರಿಯಿತು. ರಾಜ ನೆಟ್ಟಗೆ ಇಳಿಯುತ್ತಿದ್ದ. ಪಕ್ಕದಲ್ಲಿ ರೋರರ್, ರಾಕೆಟ್. ಬಲತುದಿಯಲ್ಲಿ ರಾಣಿ, ಬಂಡೆಗೆ ಮೈ ಒರಗಿಸಿಕೊಂಡು. ಅಕ್ಕಪಕ್ಕದವರೆಲ್ಲಾ ಕಿರುಚಿದರು. ನಾನೂ ಕಿರುಚಿದೆನಂತೆ. ಎರಡು ನಿಮಿಷ ಇದ್ದೀತು. ಮತ್ತೆ ಗೋಡೆ.

ಯಜಮಾನರು ಎರಡು ಜೋಳ ಹಿಡಿದು ಓಡಿಬಂದರು. "ಫೋಟೋ ತೆಗೆದೆಯಾ?"

"ಫೋನು ನಿಮ್ಮ ಜೇಬಲ್ಲಿದೆ."

ಇರಲಿ ಅಂತ ಬಿಳಿ ಗೋಡೆಯದೇ ಒಂದು ಫೋಟೋ ತೆಗೆದು ಮಗನಿಗೆ ಕಳಿಸಿದರು. "ಸುಣ್ಣ ಹೊಡೆಸಿದ್ರಾ?" ಅಂತ ಉತ್ತರ ಬಂತು.

ತಗಡಿನ ಚಾವಣಿಯ ಕೆಳಗೆ ಕೂತು ಡಬ್ಬಿ ಬಿಚ್ಚಿದೆವು. ಜೋಗದಲ್ಲಿ ಕೂತು ನನ್ನ ಪುಳಿಯೋಗರೆ ನಾನೇ ತಿಂದಿದ್ದು ಅದೇ ಮೊದಲು. ಒಂದು ತುತ್ತು ತಿಂದೆ. ಅವರ ಮುಖ ನೋಡಿದೆ.

"ರೀ, ಮಧ್ಯಾಹ್ನದ ಹೊತ್ತಿಗೆ ಇದು ಇಷ್ಟು ಉಪ್ಪಾಗುತ್ತಾ?"

"ಮೊದಲಿಂದಲೂ ಹೀಗೇ" ಅಂದರು, ಜೋಳ ಕಚ್ಚುತ್ತಾ.